ಆರು ಫೌಂಡ್ರಿಯ ಧರ್ಮಪ್ಪ

ನಮ್ಮ ಜಿಲ್ಲೆ ಇನ್ನು ಕೆಲವೇ ದಶಕಗಳಲ್ಲಿ ನೆಟ್ ಜೀರೋ ಆಗುತ್ತದೆ ಎಂದು ಘೋಷಣೆಯಾದ ದಿನ ನಾನು ಶಿವಮೊಗ್ಗದ ಹೋಟೆಲೊಂದರ ಎಸಿ ಹಾಲ್ ಬಾಗಿಲಲ್ಲಿ ನಿಂತು ಅತಿಥಿಗಳಿಗೆ ಫೈಲು, ಪೆನ್ನು, ಬಟ್ಟೆ ಚೀಲ ಹಂಚುತ್ತಿದ್ದೆ. ವೇದಿಕೆಯ ಮೇಲಿದ್ದವರು ಚೆನ್ನಾಗಿಯೇ ಮಾತಾಡಿದರು. ನಾವು ಬಿಡುವ ಹೊಗೆಯನ್ನು ಆದಷ್ಟು ಇಳಿಸಬೇಕು, ಉಳಿದಿದ್ದನ್ನು ಕಾಡು ಮಣ್ಣು ಹೀರಿಕೊಳ್ಳಬೇಕು, ಎರಡೂ ಸಮವಾಗಬೇಕು. ಅಷ್ಟು ನನಗೂ ಅರ್ಥವಾಯಿತು. ಯಾವ ಸೋಮವಾರದಿಂದ, ಯಾರು, ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಹೀಗೆ ಹೇಳದೆ ಬಿಟ್ಟಿದ್ದೆಲ್ಲ ಕೊನೆಗೆ ನನ್ನಂಥ ಗುಮಾಸ್ತನ ಮೇಜಿಗೇ ಬಂದು ಬೀಳುತ್ತದೆ.

ಮೂರೇ ವಾರಕ್ಕೆ ಬಂದು ಬಿತ್ತು. ಜಿಲ್ಲಾ ಹವಾಮಾನ ಕೋಶ ಎಂದು ಹೊಸದೊಂದು ವಿಭಾಗ ಮಾಡಿದರು. ಒಂದು ಮೇಜು, ಮೂರು ಕುರ್ಚಿ, ಹಸಿರು ಎಲೆಯ ಚಿತ್ರವಿರುವ ಒಂದು ಬ್ಯಾನರ್. ರೇಣುಕಾಪ್ರಸಾದ್ ಸಾಹೇಬರು ಮುಖ್ಯಸ್ಥರು, ಹೇಮಶ್ರೀ ಕಂಪ್ಯೂಟರ್ ಆಪರೇಟರ್, ನಾನು, ಅಂದರೆ ಆನಂದ್, ಬರೆಯುವವನು. ನಮಗೆ ಸಿಕ್ಕ ಮೊದಲ ಫೈಲು ಮಾಚೇನಹಳ್ಳಿಯ ಆರು ಸಣ್ಣ ಫೌಂಡ್ರಿಗಳದ್ದು. ಅಲ್ಲಿ ಕಬ್ಬಿಣ ಕರಗಿಸುವುದು ಕುಪೋಲಾದಲ್ಲಿ. ಕುಪೋಲಾ ಎಂದರೆ ಎತ್ತರದ ಕಬ್ಬಿಣದ ಕೊಳವೆ. ಮೇಲಿಂದ ಕೋಕ್ ಇದ್ದಿಲು, ಗುಜರಿ ಕಬ್ಬಿಣ ತುಂಬಿ ಗಾಳಿ ಊದಿದರೆ ಕೆಳಗಿನ ತೂತಿನಿಂದ ಕರಗಿದ ಕಬ್ಬಿಣ ಹರಿದು ಬರುತ್ತದೆ, ಮೇಲಿನಿಂದ ಹೊಗೆ ಹೋಗುತ್ತದೆ. ಅದರ ಬದಲು ಕರೆಂಟಿನ ಫರ್ನೇಸು ಹಾಕಿಸಬೇಕು. ಪ್ರತಿ ಫೌಂಡ್ರಿಗೂ ಒಂದೊಂದು, ಅರ್ಧ ಖರ್ಚು ಸರ್ಕಾರದ್ದು. ಇಷ್ಟು ಚೆಂದದ ಯೋಜನೆಗೆ ಆರು ತಿಂಗಳಾದರೂ ಒಂದೇ ಒಂದು ಅರ್ಜಿ ಬರಲಿಲ್ಲ. ಅರ್ಜಿಗಳನ್ನೆಲ್ಲ ನಾನೇ ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ ಎನ್ನುವ ಹಾಗೆ ಸಾಹೇಬರು ನನ್ನನ್ನು ನೋಡತೊಡಗಿದರು.

ಉತ್ತರ ಸಿಕ್ಕಿದ್ದು ಭದ್ರಾವತಿಯ ಜನ್ನಾಪುರದಲ್ಲಿ, ಚಿನ್ನಮ್ಮಕ್ಕನ ಮನೆಯ ಭಾನುವಾರದ ಊಟದಲ್ಲಿ. ಅಕ್ಕನ ಗಂಡ ಧರ್ಮಪ್ಪ, ನನ್ನ ಭಾವ, ಇಪ್ಪತ್ತೊಂಬತ್ತು ವರ್ಷದಿಂದ ಆ ಆರು ಫೌಂಡ್ರಿಗಳಲ್ಲೇ ಕಬ್ಬಿಣ ಸುರಿಯುತ್ತಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವರೂ ಅವರೇ. ಮೊಣಕೈಯಿಂದ ಕೆಳಗೆ ಅವರ ಚರ್ಮದ ಮೇಲೆ ಕಿಡಿ ಹಾರಿದ ಚುಕ್ಕೆಗಳು ಎಷ್ಟಿವೆಯೆಂದರೆ ಚಿಕ್ಕವನಿದ್ದಾಗ ನಾನು ಅವನ್ನು ಎಣಿಸಲು ಹೋಗಿ ನಿದ್ದೆ ಮಾಡಿಬಿಡುತ್ತಿದ್ದೆ.

"ವಾರಕ್ಕೊಂದು ದಿನ ಕರಗಿಸೋರಿಗೆ ಒಂದೊಂದು ಫರ್ನೇಸು ಯಾಕೋ ಮಾರಾಯ?" ಎಂದರು ಭಾವ, ಮುದ್ದೆ ಮುರಿಯುತ್ತಾ. "ಉಳಿದ ದಿನ ಅದು ಸುಮ್ನೆ ಕೂತಿರುತ್ತೆ, ಕರೆಂಟು ಬಿಲ್ಲು ಮಾತ್ರ ಸುಮ್ನೆ ಕೂರಲ್ಲ. ಆರು ಜನಕ್ಕೂ ಸೇರಿ ಒಂದು ಸಾಲ್ದಾ? ದೊಡ್ಡ ಶೆಡ್ಡು ಹಾಕಿ, ನಡುವೆ ಫರ್ನೇಸು ಇಟ್ಟು, ಸುತ್ತ ಆರು ಕಟ್ಟೆ ಮಾಡಿ. ಅವರವರ ಅಚ್ಚು ಅವರವರ ಕಟ್ಟೇಲಿ. ಅವರವರ ದಿನ ಬಂದಾಗ ಸುರಿದ್ರಾಯ್ತು. ಈಗ ನಾವು ಒಂದೇ ಗ್ಯಾಂಗು ಆರು ಕಡೆ ಹೋಗಲ್ವಾ?"

ನಿಜ. ಭಾವ ಯಾವ ಫೌಂಡ್ರಿಯ ನೌಕರರೂ ಅಲ್ಲ. ಅವರದು ಎಂಟು ಜನರ ಗ್ಯಾಂಗು. ಸೋಮವಾರ ಒಂದು ಕಡೆ, ಮಂಗಳವಾರ ಷಡಕ್ಷರಪ್ಪ ಎಂಬ ಮಾಲೀಕರ ಕಡೆ, ಬುಧವಾರ ಇನ್ನೊಂದು ಕಡೆ, ಹೀಗೆ ಶನಿವಾರದ ತನಕ. ಫೌಂಡ್ರಿಯ ಸ್ವಂತ ಆಳುಗಳು ವಾರವಿಡೀ ಅಚ್ಚು ಕಟ್ಟಿಡುತ್ತಾರೆ, ಕರಗಿಸುವ ದಿನ ಈ ಗ್ಯಾಂಗು ಬಂದು ಸುರಿದು ಹೋಗುತ್ತದೆ. ಅವರ ಅಪ್ಪಂದಿರ ಕಾಲದಿಂದ ನಡೆದು ಬಂದ ಪದ್ಧತಿ.

"ಅಲ್ಲಾ, ಆ ಕರೆಂಟು ಎಲ್ಲಿಂದ ಬರುತ್ತೆ? ಅಲ್ಲೂ ಕಲ್ಲಿದ್ದಲು ಸುಟ್ಟು ತಾನೆ?" ಎಂದು ಭಾವ ಕೇಳಿದರು.

"ಸ್ವಲ್ಪ ಹೌದು ಭಾವ. ಶೆಡ್ಡಿನ ಮೇಲೆ ಸೋಲಾರ್ ಹಾಕಿ, ಉಳಿದಿದ್ದಕ್ಕೆ ಗಾಳಿ ಕರೆಂಟು ಕೊಳ್ಳೋ ಒಪ್ಪಂದ ಮಾಡ್ಕೊಬಹುದು."

"ಹಾಗಾದ್ರೆ ಅದನ್ನೂ ಬರಿ. ಅರ್ಧಂಬರ್ಧ ಮಾಡಬೇಡಿ."

ಸೋಮವಾರ ಅಷ್ಟನ್ನೂ ಬರೆದೆ. ಭಾವನ ಹೆಸರು ಬರೆಯಲಿಲ್ಲ, 'ಪರಿಶೀಲಿಸಲಾಗಿ ಕಂಡುಬಂದಿದ್ದೇನೆಂದರೆ' ಎಂದು ಶುರುಮಾಡಿದೆ. ಸಾಹೇಬರಿಗೆ ಬಹಳ ಹಿಡಿಸಿತು. "ಇಷ್ಟು ದಿನ ಎಲ್ಲಿಟ್ಟಿದ್ರಿ ಈ ತಲೇನ?" ಎಂದು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ನಾನು ನಾಚಿಕೆಯಿಲ್ಲದೆ ಹಲ್ಲು ಬಿಟ್ಟೆ. ಆರು ಫೌಂಡ್ರಿಯವರೂ ಒಪ್ಪಿದರು. ಅಲ್ಲಿಯ ತನಕ ಬರೀ ಭಾಷಣವಾಗಿದ್ದ ನೆಟ್ ಜೀರೋ ಮೊದಲ ಸಲ ಒಂದು ಶೆಡ್ಡಿನ ನಕ್ಷೆಯಾಯಿತು.

ಕುಪೋಲಾ ಮುಚ್ಚಿದರೆ ಕೆಲಸದವರ ಗತಿಯೇನು ಎಂಬ ಪ್ರಶ್ನೆಯನ್ನೂ ನಾವು ಮರೆಯಲಿಲ್ಲ. ಫೌಂಡ್ರಿಗಳು ತಮ್ಮ ಕೆಲಸದವರ ಪಟ್ಟಿ ಕೊಡಬೇಕು. ಪಟ್ಟಿಯಲ್ಲಿರುವವರಿಗೆ ಸಂಬಳ ಸಮೇತ ಮೂರು ತಿಂಗಳ ತರಬೇತಿ, ಆಮೇಲೆ ಹೊಸ ಶೆಡ್ಡಿನಲ್ಲಿ ಕೆಲಸ. ಪಟ್ಟಿಯಲ್ಲಿ ಇಲ್ಲದವರಿಗೆ ಏನೂ ಇಲ್ಲ. ಇದಕ್ಕೆ ಹನ್ನೊಂದು ನಿಯಮ ಬರೆದವನು ನಾನು. ಹಿಂದೊಂದು ಯೋಜನೆಯಲ್ಲಿ ಒಬ್ಬನೇ ಮಹಾನುಭಾವ ನಾಲ್ಕು ಊರಿನ ಪಟ್ಟಿಯಲ್ಲಿ ಕಾಣಿಸಿಕೊಂಡು ನಮ್ಮನ್ನೆಲ್ಲ ಕುಣಿಸಿದ್ದ. ಆ ಸಿಟ್ಟು ಇನ್ನೂ ಇತ್ತು. ಅದಕ್ಕೇ ಏಳನೇ ನಿಯಮವನ್ನು ಹಲ್ಲು ಕಚ್ಚಿ ಬರೆದೆ: 'ಒಂದೇ ಹೆಸರು ಒಂದಕ್ಕಿಂತ ಹೆಚ್ಚು ಘಟಕಗಳ ಪಟ್ಟಿಯಲ್ಲಿ ಕಂಡುಬಂದಲ್ಲಿ, ಅದನ್ನು ಸುಳ್ಳು ನಮೂದೆಂದು ಪರಿಗಣಿಸಿ ಎಲ್ಲ ಪಟ್ಟಿಗಳಿಂದಲೂ ಕೈಬಿಡತಕ್ಕದ್ದು.' ಎರಡು ಸಲ ಓದಿ ನನಗೆ ನಾನೇ ತಲೆದೂಗಿಕೊಂಡೆ.

ಸಮಿತಿ ಸಭೆ ಗುರುವಾರ ಹನ್ನೊಂದಕ್ಕೆ ಎಂದು ಗೊತ್ತಾಗಿತ್ತು. ಮಂಗಳವಾರ ಮಧ್ಯಾಹ್ನ ಹೇಮಶ್ರೀ ಅಂತಿಮ ಪಟ್ಟಿ ತಂದು ಮೇಜಿನ ಮೇಲಿಟ್ಟಳು. ಎಂಬತ್ತಮೂರು ಹೆಸರು.

"ನಿಮ್ಮ ಏಳನೇ ನಿಯಮದಲ್ಲಿ ಎಂಟು ಹೆಸರು ಹೋಯ್ತು ಸಾರ್," ಎಂದಳು. "ಎಂಥಾ ಧೈರ್ಯ ನೋಡಿ, ಆರೂ ಕಡೆ ಅವೇ ಎಂಟು ಜನ. ಸ್ವಲ್ಪ ಹಿಂದೆ ಮುಂದೆ ಮಾಡೋಣ ಅಂತಾನೂ ಅನಿಸಿಲ್ಲ ಅವರಿಗೆ."

ತೆಗೆದುಹಾಕಿದ ಪಟ್ಟಿಯಲ್ಲಿ ಮೊದಲ ಹೆಸರು ಧರ್ಮಪ್ಪ.

ಮಾಲೀಕರು ಯಾರೂ ಸುಳ್ಳು ಬರೆದಿರಲಿಲ್ಲ. ಮಾಚೇನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಧರ್ಮಪ್ಪ ನಮ್ಮವನು ಎನ್ನುತ್ತಾರೆ. ಆಯುಧಪೂಜೆಯ ದಿನ ಬೆಳಗ್ಗೆ ಆರಕ್ಕೆ ಶುರುಮಾಡಿ ಆರೂ ಫೌಂಡ್ರಿಯಲ್ಲಿ ಬೂದುಗುಂಬಳ ಒಡೆಯುವುದು ಭಾವನೇ. ಅವರು ಬರುವ ತನಕ ಮಾಲೀಕರು ಮಂಗಳಾರತಿ ಮಾಡದೆ ಕಾಯುತ್ತಾರೆ. ಹಾಗಾಗಿ ಫಾರ್ಮು ಬಂದಾಗ ಆರು ಜನರೂ ಮೊದಲು ಧರ್ಮಪ್ಪ, ಆಮೇಲೆ ಮುರುಗೇಶ, ನಾಗಯ್ಯ ಎಂದು ಗ್ಯಾಂಗಿನ ಎಂಟು ಹೆಸರು ಬರೆದು, ಕೆಳಗೆ ತಮ್ಮ ಸ್ವಂತ ಆಳುಗಳನ್ನು ಸೇರಿಸಿದ್ದರು. ಆರು ಜನ ಪ್ರೀತಿಯಿಂದ ಬರೆದಿದ್ದನ್ನು ನಾನು ಒಂದು ಸಾಲಿನಲ್ಲಿ ಅಳಿಸಿದ್ದೆ. ಈ ನಿಯಮ ಬರೆಯುವಾಗ ಭಾವನ ಮುಖ ನನಗೆ ಯಾಕೆ ನೆನಪಾಗಲಿಲ್ಲವೋ ಗೊತ್ತಿಲ್ಲ. ಅವರ ಉಪಾಯವನ್ನು ನನ್ನದೆಂದು ಬರೆದುಕೊಂಡ ಮೇಲೆ ಮುಖ ಮರೆಯುವುದು ಸುಲಭವಾಗಿತ್ತೇನೋ.

ಬುಧವಾರ ಬೆಳಗ್ಗೆ ಹೊಸಮನೆ ಬಡಾವಣೆಯಿಂದ ಸ್ಕೂಟರ್ ಹತ್ತಿದವನು ನೇರ ಮಾಚೇನಹಳ್ಳಿಗೆ ಹೋದೆ. ಮೊದಲು ಷಡಕ್ಷರಪ್ಪನವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಕಾಫಿ ಲೋಟ. ವಿಷಯ ಕೇಳಿ ಲೋಟ ಕೆಳಗಿಟ್ಟರು.

"ಧರ್ಮಪ್ಪ ಇಲ್ಲದ ಪಟ್ಟೀನಾ? ಏನ್ರೀ ಆನಂದ್, ತಮಾಷೆ ಮಾಡ್ತಿದೀರಾ? ಎಲ್ಲಿ ಸೈನ್ ಹಾಕ್ಬೇಕು ಹೇಳಿ."

ನನ್ನ ಲೆಕ್ಕಾಚಾರ ಇಷ್ಟೇ. ಎಂಟು ಜನರನ್ನು ಆರು ಫೌಂಡ್ರಿಗೆ ಹಂಚಿಬಿಡುವುದು. ಭಾವ ಷಡಕ್ಷರಪ್ಪನವರಿಗೆ, ಮುರುಗೇಶ ಶನಿವಾರದವರಿಗೆ, ಹೀಗೆ. ಒಬ್ಬೊಬ್ಬರ ಹೆಸರು ಒಂದೊಂದೇ ಕಡೆ ಇದ್ದರೆ ಏಳನೇ ನಿಯಮ ಬಾಯಿ ಮುಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಆರೂ ಮಾಲೀಕರು ಎಂಟು ಪತ್ರಗಳಿಗೆ ಸಹಿ ಹಾಕಿಕೊಟ್ಟರು. ಇನ್ನು ಕೆಲಸದವರ ಸಹಿಯೊಂದು ಬಾಕಿ.

ಬುಧವಾರದ ಫೌಂಡ್ರಿಯಲ್ಲಿ ಗ್ಯಾಂಗು ಊಟಕ್ಕೆ ಕೂತಿತ್ತು. ಭಾವ ನನ್ನನ್ನು ನೋಡಿ ಎದ್ದು ಬಂದರು. ಕನ್ನಡಕ ತಂದಿರಲಿಲ್ಲ, ನಾನೇ ಪತ್ರ ಓದಿದೆ. 'ಕಳೆದ ಮೂರು ವರ್ಷಗಳಿಂದ ಸದರಿ ಘಟಕವನ್ನು ಹೊರತುಪಡಿಸಿ ಬೇರೆಲ್ಲಿಯೂ ಕೆಲಸ ಮಾಡಿರುವುದಿಲ್ಲ.'

"ಮುರುಗೇಶ ಯಾರ ಪಾಲಿಗೆ?" ಎಂದು ಕೇಳಿದರು.

"ಶನಿವಾರದವರಿಗೆ."

"ಹದಿನೆಂಟು ವರ್ಷದಿಂದ ನಾನು ಈ ಕಡೆ, ಅವನು ಆ ಕಡೆ ಕಬ್ಬಿಣ ಸುರಿಯೋ ಲೇಡಲ್ ಹಿಡಿದಿದೀವಿ. ನಾನು ಷಡಕ್ಷರಪ್ಪನವರ ಕಡೆ ಮಾತ್ರ, ಅವನು ಶನಿವಾರ ಮಾತ್ರ ಅಂದ್ರೆ ಲೇಡಲ್ಲಿನ ಆ ಕಡೆ ಯಾರು ಹಿಡಿದಿದ್ರಂತೆ?"

"ಇದು ಬರೀ ಕಾಗದದ ಮೇಲೆ ಭಾವ."

"ಈಗ ನಾವು ಇಲ್ದೇ ಹೋಗಿರೋದೂ ಕಾಗದದ ಮೇಲೇ ತಾನೆ?"

ಭಾವ ಕಾಗದವನ್ನು ಹುಷಾರಾಗಿ ಮಡಚಿ ನನ್ನ ಜೇಬಿಗೆ ತುರುಕಿದರು.

"ನಿಜ ಬರೆದಿದ್ದಕ್ಕೆ ಸುಳ್ಳು ಅಂತ ತೆಗೆದ್ರಿ. ಈಗ ಸುಳ್ಳು ಬರೆದುಕೊಟ್ರೆ ಸೇರಿಸ್ಕೊಳ್ತೀರಾ? ಬೇಡ ಮಾರಾಯ. ಉಳಿದ ಐದು ಮಾಲೀಕರ ಮುಖ ನಾನು ಹೆಂಗೆ ನೋಡಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವನು ನಾನು. "ನಾಳೆ ಹನ್ನೊಂದಕ್ಕೆ ಸಮಿತಿ ಇದೆ! ಆಮೇಲೆ ಕುಪೋಲಾ ಮುಚ್ತಾರೆ. ಆಗ ನೀವು ಎಂಟು ಜನ ಗೇಟಿನ ಹೊರಗೆ ನಿಂತು ನಿಜ ಹೇಳ್ಕೊಂಡಿರಿ!" ಎಂದು ಕೂಗಿದೆ. ಊಟ ಮಾಡುತ್ತಿದ್ದವರ ಕೈ ನಿಂತವು. ಅವರ ಮುಖ ನೋಡಿದ ಮೇಲೆ ನನ್ನ ಧ್ವನಿ ಉಡುಗಿ ಹೋಯಿತು. "ಆ ನಿಯಮ ಬರೆದಿದ್ದು ನಾನೇ ಭಾವ," ಎಂದೆ.

ಭಾವ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು.

"ನಿಯಮ ಏನೂ ತಪ್ಪಿಲ್ಲ. ಸುಳ್ಳು ಹೆಸರು ಸೇರಿಸೋರು ಇರ್ತಾರಲ್ಲ, ತಡೀಬೇಕು. ನಮ್ಮ ಥರದವರೂ ಇದ್ದಾರೆ ಅಂತ ನಿನಗೆ ನೆನಪಾಗ್ಲಿಲ್ಲ, ಅಷ್ಟೇ."

ಎರಡೇಟು ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಣ್ಣು ತುಂಬಿ ಬಂತು, ಅದನ್ನು ಹೊಗೆಯ ಮೇಲೆ ಹಾಕಿ ಒರೆಸಿಕೊಂಡೆ.

"ಬಾ, ಎರಡು ತುತ್ತು ಉಂಡು ಹೋಗು," ಎಂದರು ಭಾವ. "ಹೊಟ್ಟೆ ಹಸಿದ್ರೆ ನಿನಗೆ ಮೊದಲಿಂದಲೂ ಸಿಟ್ಟು ಜಾಸ್ತಿ." ಮುರುಗೇಶ ಸರಿದು ಜಾಗ ಮಾಡಿಕೊಟ್ಟ. ನಾಗಯ್ಯ ತನ್ನ ಪಾಲಿನ ಹಪ್ಪಳ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ.

ಕಚೇರಿಗೆ ವಾಪಸು ಬಂದು ಹೇಮಶ್ರೀಯ ಹತ್ತಿರ ಆರೂ ಫೌಂಡ್ರಿಯ ಮೂಲ ಫಾರ್ಮು ಇಸಿದುಕೊಂಡೆ. ಸುಮ್ಮನೆ ಅವನ್ನು ವಾರದ ಕ್ರಮದಲ್ಲಿ ಜೋಡಿಸುತ್ತಾ ಹೋದೆ. ಸೋಮವಾರದ್ದು, ಮಂಗಳವಾರದ್ದು, ಶನಿವಾರದ ತನಕ. ಆರು ಬೇರೆ ಬೇರೆ ಕೈಬರಹ, ಅವೇ ಎಂಟು ಹೆಸರು, ಅದೇ ಕ್ರಮ. ಒಬ್ಬರಿಗೊಬ್ಬರು ತೋರಿಸದೆ ಬರೆದ ಆರು ಸಾಕ್ಷಿಗಳು. ಈ ಎಂಟು ಜನ ವಾರದಲ್ಲಿ ಆರು ದಿನ ಆರು ಫೌಂಡ್ರಿಗಳಿಗೆ ಕಬ್ಬಿಣ ಸುರಿಯುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ದಾಖಲೆ ಬೇಕಿರಲಿಲ್ಲ. ನಾವು ಕಟ್ಟಲು ಹೊರಟಿದ್ದ ಶೆಡ್ಡಿನ ಕೆಲಸವೂ ಅದೇ ಅಲ್ಲವೇ? ಆರು ಫೌಂಡ್ರಿಗೆ, ಸರದಿಯ ಮೇಲೆ, ಒಂದೇ ಗ್ಯಾಂಗು.

ಎಂಟು ಪತ್ರಗಳನ್ನು ಹರಿದು ಹಾಕಿ ಟಿಪ್ಪಣಿ ಬರೆಯಲು ಕೂತೆ. ಮೊದಲ ಪ್ಯಾರಾದಲ್ಲಿ, ಏಳನೇ ನಿಯಮ ನನ್ನದು, ಅದು ನಿಜವಾದ ಕೆಲಸದವರನ್ನೇ ಹೊರಗಿಡುತ್ತದೆ ಎಂದು ಬರೆದೆ. ಎರಡನೆಯದರಲ್ಲಿ, ಈ ಎಂಟು ಜನರನ್ನು ಬಿಡಿಬಿಡಿಯಾಗಿ ಹಂಚದೆ ಇಡೀ ಗ್ಯಾಂಗನ್ನೇ ಹೊಸ ಫರ್ನೇಸಿನ ಮೊದಲ ತಂಡವಾಗಿ ತೆಗೆದುಕೊಳ್ಳಬೇಕು ಎಂದು ಬರೆದೆ. ಮೂರನೆಯದಕ್ಕೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನೂ ಬರೆದೆ: ಪಟ್ಟಿಯ ಮೊದಲ ಹೆಸರಿನ ಧರ್ಮಪ್ಪ ನನ್ನ ಅಕ್ಕನ ಗಂಡ, ಆರು ಫೌಂಡ್ರಿಗೆ ಒಂದೇ ಫರ್ನೇಸು ಎಂಬ ಆಲೋಚನೆಯೂ ಅವರದೇ, ಅದನ್ನು ನಾನು ನನ್ನದೆಂಬಂತೆ ಮಂಡಿಸಿದ್ದೆ.

ರೇಣುಕಾಪ್ರಸಾದ್ ಸಾಹೇಬರು ಎರಡು ಸಲ ಓದಿದರು. "ಮೂರನೇ ಪ್ಯಾರಾ ತೆಗೀರಿ ಆನಂದ್," ಎಂದರು ಮೆತ್ತಗೆ. "ಉಳಿದಿದ್ದು ಸಾಕು. ಸಂಬಂಧ ಇದೆ ಅಂತ ಬರೆದ್ರೆ ನಿಮ್ಮನ್ನ ಈ ಫೈಲಿಂದ ಬಿಡಿಸಬೇಕಾಗುತ್ತೆ. ಎರಡು ವರ್ಷ ದುಡಿದಿದೀರಿ ಇದಕ್ಕೆ."

"ಬಿಡಿಸಿ ಸಾರ್. ನಾಳೆ ಯಾರಾದ್ರೂ ಅದನ್ನ ಕಂಡುಹಿಡಿದ್ರೆ ಮತ್ತೆ ಎಂಟು ಜನಾನೂ ಹೋಗ್ತಾರೆ."

ಅವರು ಹಸಿರು ಪೆನ್ನಿನ ಮುಚ್ಚಳ ತೆಗೆದರು.

ಗುರುವಾರ ನನ್ನನ್ನು ಒಳಗೆ ಬಿಡಲಿಲ್ಲ. ಸಭೆಯ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತು ಒಂದೂವರೆಯ ತನಕ ಉಗುರು ಕಚ್ಚಿದೆ. ಸಾಹೇಬರು ಹೊರಗೆ ಬಂದವರೇ ಆದೇಶದ ಕರಡನ್ನು ನನ್ನ ಕೈಗಿತ್ತರು. ಏಳನೇ ನಿಯಮಕ್ಕೆ ಬಾಲದಂತೆ ಒಂದು ಸಾಲು ಸೇರಿತ್ತು: 'ಹಲವು ಘಟಕಗಳಲ್ಲಿ ಸರದಿಯಂತೆ ದುಡಿಯುವ ತಂಡಗಳಿಗೆ ಇದು ಅನ್ವಯಿಸುವುದಿಲ್ಲ.' ಎಂಟೂ ಹೆಸರು ಪಟ್ಟಿಯಲ್ಲಿದ್ದವು. ಕೆಳಗೆ ಇನ್ನೊಂದು ಹಾಳೆ, ಮರುದಿನದಿಂದ ನಾನು ಟಪಾಲು ವಿಭಾಗಕ್ಕೆ.

ಸಂಜೆ ಭಾವ ಮನೆ ಸೇರಿದ ಮೇಲೆ ಫೋನ್ ಮಾಡಿದೆ.

"ಮುರುಗೇಶ ಇದಾನಾ?"

"ಇದಾನೆ ಭಾವ."

"ನಾಗಯ್ಯ?"

"ಅವನೂ ಇದಾನೆ."

ಹೀಗೆ ಏಳು ಜನರನ್ನೂ ಒಬ್ಬೊಬ್ಬರಾಗಿ ಕೇಳಿದರು. ತಮ್ಮ ಹೆಸರು ಕೇಳಲಿಲ್ಲ. ಫೋನು ಕಸಿದುಕೊಂಡು ಅಕ್ಕನೇ ಕೇಳಿದಳು. ಇದೆ ಎಂದು, ನನ್ನ ವರ್ಗಾವಣೆಯನ್ನೂ ಹೇಳಿದ ಮೇಲೆ, "ಟಪಾಲಿಗೆ ಹಾಕಿದ್ರಾ? ಹೋಗ್ಲಿ ಬಿಡು, ಅಲ್ಲಾದ್ರೆ ನಿಯಮ ಬರೆಯೋ ಕೆಲ್ಸ ಇರಲ್ಲ," ಎಂದು ನಕ್ಕಳು. ನಗುವ ನಡುವೆ ಮೂಗು ಸೆಳೆದುಕೊಂಡಿದ್ದೂ ಕೇಳಿಸಿತು.

ಶೆಡ್ಡು ಏಳಲು ಹತ್ತು ತಿಂಗಳು ಹಿಡಿಯಿತು. ಮೊದಲ ಬಾರಿ ಕಬ್ಬಿಣ ಕರಗಿಸುವ ದಿನ ನಾನು ಅರ್ಧ ದಿನ ರಜೆ ಹಾಕಿ ಹೋದೆ, ಬರೀ ನೆಂಟನಾಗಿ. ಹೊಗೆಯಿಲ್ಲ, ಊದುವ ಗಾಳಿಯ ಸದ್ದಿಲ್ಲ, ಫೌಂಡ್ರಿಯೆಂದು ಹೇಳಿದರೆ ನಂಬುವುದೇ ಕಷ್ಟ. ನಡುವೆ ಬಾವಿಯ ಹಾಗೆ ಒಂದು ಪಾತ್ರೆ, ಅದರಲ್ಲಿ ಕಬ್ಬಿಣ ಕುದಿಯುತ್ತಿತ್ತು. ತರಬೇತಿ ಕೊಡುವ ಇಂಜಿನಿಯರ್ ಪ್ರಿಯದರ್ಶಿನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಭಾವ ಅಂಗಿಯ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡು ಗ್ಯಾಂಗಿನ ಮುಂದೆ ನಿಂತಿದ್ದರು.

"ನೀವೇ ಹೇಳಿ ಸಾರ್, ಸುರಿಯೋಕೆ ಹದ ಬಂತಾ?" ಎಂದು ಕೇಳಿದಳು ಆ ಹುಡುಗಿ, ಗೌರವದಿಂದಲೇ.

ಭಾವ ಕಪ್ಪು ಕನ್ನಡಕ ಹಾಕಿ ಬಗ್ಗಿ ನೋಡಿದರು. ಇಷ್ಟು ವರ್ಷ ಅವರು ಹೂಂ ಎಂದ ಮೇಲೇ ಆರು ಫೌಂಡ್ರಿಯಲ್ಲಿ ಕಬ್ಬಿಣ ಹರಿದಿದ್ದು.

"ಇನ್ನೂ ಆಗಿಲ್ಲಮ್ಮ. ಬಣ್ಣ ಮಂಕಾಗಿದೆ. ಇನ್ನೊಂದು ಹತ್ತು ನಿಮಿಷ."

ಅವಳು ಶಾಖ ಅಳೆಯುವ ಉದ್ದನೆಯ ಕೋಲೊಂದನ್ನು ಒಳಗೆ ಅದ್ದಿ ತೆಗೆದಳು. ಗೋಡೆಯ ಮೇಲಿನ ಕೆಂಪು ಅಂಕಿ ಸಾವಿರದ ನಾನೂರ ತೊಂಬತ್ತಕ್ಕೆ ಹೋಗಿ ನಿಂತಿತು. ಬೇಕಾಗಿದ್ದು ಸಾವಿರದ ನಾನೂರ ಐವತ್ತು ಡಿಗ್ರಿ. ಹದ ಆಗಲೇ ಮೀರಿತ್ತು. "ಮೇಲೆ ಕಿಟ್ಟದ ಕೆನೆ ಕಟ್ಟಿರುತ್ತೆ ಸಾರ್, ಅದಕ್ಕೇ ಮಂಕಾಗಿ ಕಾಣುತ್ತೆ," ಎಂದಳು ಪಾಪ, ತಾನೇ ತಪ್ಪು ಮಾಡಿದವಳ ಹಾಗೆ.

ಮುರುಗೇಶ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅಷ್ಟೆಲ್ಲ ಹೋರಾಡಿ ಈ ಮನುಷ್ಯನನ್ನು ಪಟ್ಟಿಗೆ ಸೇರಿಸಿದ್ದು, ಇಡೀ ಗ್ಯಾಂಗಿನ ಎದುರು ಹೀಗೆ ನಿಲ್ಲಿಸುವುದಕ್ಕಾ ಅನಿಸಿತು.

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿದರು. ಮತ್ತೆ ಹಾಕಿಕೊಂಡು ಅವಳ ಪಕ್ಕಕ್ಕೆ ಹೋಗಿ ಕೈ ಕಟ್ಟಿ ನಿಂತರು.

"ನನಗೆ ಮೊದಲಿಂದ ಹೇಳಿಕೊಡಮ್ಮ," ಎಂದರು. "ಅವಸರ ಇಲ್ಲ. ಮೂರು ತಿಂಗಳು ಇದೆ ಅಂತ ಆದೇಶದಲ್ಲೇ ಬರೆದಿದಾರೆ."

ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಹೊರಡು ಆನಂದ. ಕಲಿಯೋವಾಗ ಮನೆಯವರು ನೋಡ್ತಾ ನಿಂತ್ರೆ ನಾಚಿಕೆ ಆಗುತ್ತೆ."

ನಾನು ಹೊರಗೆ ಬಂದು ಸ್ಕೂಟರಿನ ಮೇಲೆ ಕೂತೆ, ಕೀಲಿ ತಿರುಗಿಸಲು ಮನಸ್ಸಾಗಲಿಲ್ಲ. ಒಳಗಿನಿಂದ ಭಾವನ ಧ್ವನಿ ಕೇಳಿಸುತ್ತಿತ್ತು. ಗೋಡೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ, ಜೋರಾಗಿ ಓದುತ್ತಿದ್ದರು. ನಡುವೆ ಒಂದು ಕಡೆ ತಪ್ಪಿತು, ಆ ಹುಡುಗಿ ತಿದ್ದಿದಳು. ಭಾವ ಮತ್ತೆ ಮೊದಲಿಂದ ಓದಿದರು.